ಎಂಟು ಜೀವ ಕಳೆದ ಮೇಲೆ ತೆರೆದುಕೊಂಡ ಕಥೆ

ಆತ್ಮೀಯ ಸಭಿಕರೇ,

ಒಂದು ಸಿನಿಮಾದ ಮುಂದುವರಿದ ಭಾಗ ಬರುತ್ತಿದೆ ಎಂದು ಕೇಳಿದಾಗ ನಮ್ಮಲ್ಲಿ ಮೊದಲು ಹುಟ್ಟುವುದು ಕುತೂಹಲಕ್ಕಿಂತ ಹೆಚ್ಚಾಗಿ ಅನುಮಾನ. ಮೊದಲನೆಯದು ಹಣ ತಂದಿತು, ಹಾಗಾಗಿ ಎರಡನೆಯದು ಬಂದಿತು ಎಂಬುದರಾಚೆಗೆ ಇಂಥ ಬಹುಪಾಲು ಚಿತ್ರಗಳ ಹುಟ್ಟಿಗೆ ಬೇರೆ ಕಾರಣ ಸಿಗುವುದಿಲ್ಲ. ಕಿನ್ನರಕಥೆಗಳ ವಿಷಯದಲ್ಲಂತೂ ಈ ಅನುಮಾನಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. 'ಆಮೇಲೆ ಅವರೆಲ್ಲ ಸುಖವಾಗಿದ್ದರು' ಎಂಬ ಕೊನೆಯ ಮಾತು ಕಥೆಯ ಬಾಗಿಲಿಗೆ ಒಳಗಿನಿಂದ ಹಾಕಿದ ಅಗುಳಿ ಇದ್ದ ಹಾಗೆ. ಮುಂದಿನ ಭಾಗವನ್ನು ಬರೆಯಹೊರಟವರು ಆ ಅಗುಳಿಯನ್ನು ತೆಗೆಯಲೇಬೇಕಾಗುತ್ತದೆ, ಎಂದರೆ ಅಷ್ಟು ಕಷ್ಟಪಟ್ಟು ಕಟ್ಟಿದ ಸುಖವನ್ನು ತಾವೇ ಕೆಡಿಸಬೇಕಾಗುತ್ತದೆ. ಅದಕ್ಕೆ ಮನಸ್ಸು ಬಾರದ ಚಿತ್ರಕಾರರು ಸಾಮಾನ್ಯವಾಗಿ ಕೂಡುವ ಲೆಕ್ಕಕ್ಕೆ ಮೊರೆಹೋಗುತ್ತಾರೆ: ಒಬ್ಬ ಖಳನಿದ್ದಲ್ಲಿ ಮೂವರು, ಒಂದು ಊರಿದ್ದಲ್ಲಿ ಒಂದು ಖಂಡ, ಒಂದು ಹಾಡಿದ್ದಲ್ಲಿ ನಾಲ್ಕು ಹಾಡು.

ನಾನು ಇಂದು ಮಾತನಾಡಲಿರುವ ಚಿತ್ರ ಇದಕ್ಕೆ ವಿರುದ್ಧವಾಗಿ ಕಳೆಯುವ ಲೆಕ್ಕವನ್ನು ಹಿಡಿಯಿತು, ಮತ್ತು ಅದರಿಂದಲೇ ತನ್ನ ಮೂಲವನ್ನು ಬಹುದೂರ ಹಿಂದೆ ಹಾಕಿತು ಎಂಬುದು ನನ್ನ ವಾದ. ಡ್ರೀಮ್‌ವರ್ಕ್ಸ್ ಸಂಸ್ಥೆ 2022ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ 'ಪಸ್ ಇನ್ ಬೂಟ್ಸ್: ದಿ ಲಾಸ್ಟ್ ವಿಶ್' ಆ ಅನಿಮೇಷನ್ ಚಿತ್ರ. ನಿರ್ದೇಶಕ ಜೋಯೆಲ್ ಕ್ರಾಫರ್ಡ್, ಸಹನಿರ್ದೇಶಕ ಜಾನುಯೆಲ್ ಮೆರ್ಕಾಡೊ. ಪಸ್ ಎಂಬ ಬೂಟು ತೊಟ್ಟ ಬೆಕ್ಕಿನ ದನಿ ಎಂದಿನಂತೆ ಆಂಟೊನಿಯೊ ಬಾಂಡೆರಾಸ್ ಅವರದು.

ಈ ಬೆಕ್ಕಿನ ವಂಶಾವಳಿಯನ್ನು ಸ್ವಲ್ಪ ನೋಡೋಣ, ಏಕೆಂದರೆ ಚಿತ್ರದ ಬಲ ಅಲ್ಲಿಂದಲೂ ಬಂದಿದೆ. ಹದಿನಾರನೆಯ ಶತಮಾನದ ನಡುವಿನಲ್ಲಿ ಇಟಲಿಯ ಸ್ಟ್ರಾಪರೋಲಾ ತನ್ನ ಸಂಗ್ರಹದಲ್ಲಿ ಒಂದು ಹೆಣ್ಣುಬೆಕ್ಕಿನ ಕಥೆಯನ್ನು ಸೇರಿಸಿದ. ಬಡ ಯಜಮಾನನನ್ನು ಜಾಣತನದಿಂದಲೇ ಸಿರಿವಂತನಾಗಿಸುವ ಬೆಕ್ಕು ಅದು. ಮುಂದಿನ ಶತಮಾನದಲ್ಲಿ ನೇಪಲ್ಸಿನ ಬಸೀಲೆ ಅದೇ ಕಥೆಯನ್ನು ಇನ್ನಷ್ಟು ಕಹಿಯಾಗಿ ಹೇಳಿದ. ಅವನ ಬೆಕ್ಕು ಯಜಮಾನನ ಕೃತಜ್ಞತೆಯನ್ನು ಪರೀಕ್ಷಿಸಲು ಸತ್ತಂತೆ ಬಿದ್ದುಕೊಳ್ಳುತ್ತದೆ. ಯಜಮಾನ ಅದನ್ನು ಕಿಟಕಿಯಿಂದ ಹೊರಗೆ ಎಸೆಯಲು ಹೇಳಿದಾಗ ಎದ್ದು, ಅವನಿಗೆ ಚೆನ್ನಾಗಿ ಛೀಮಾರಿ ಹಾಕಿ, ಹೊರಟುಹೋಗುತ್ತದೆ. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೊ ಈ ಬೆಕ್ಕಿನ ಕಾಲಿಗೆ ಬೂಟು ತೊಡಿಸಿ, ಕಹಿಯನ್ನು ತೆಗೆದು, ಕಥೆಯನ್ನು ಅರಮನೆಯ ಓದುಗರಿಗೆ ಒಪ್ಪುವಂತೆ ಮಾಡಿದ. ಪೆರೊನ ಕೊನೆಯ ಸಾಲು ನನಗೆ ಬಹಳ ಇಷ್ಟವಾದದ್ದು: ಬೆಕ್ಕು ದೊಡ್ಡ ಪ್ರಭುವಾಯಿತು, ಆಮೇಲೆ ಅದು ಇಲಿಗಳ ಹಿಂದೆ ಓಡಿದ್ದು ಬರಿಯ ಮೋಜಿಗಾಗಿ. ಹಸಿವಿನಿಂದ ಹುಟ್ಟಿದ ಜಾಣತನ ಕೊನೆಗೆ ಕಾಲಕ್ಷೇಪವಾದದ್ದನ್ನು ಪೆರೊ ಗೆಲುವೆಂದೇ ಬರೆದಿರಬೇಕು. ಅದೇ ಸಾಲನ್ನು ಒಂದು ದುರಂತದ ಆರಂಭವೆಂದು ಓದಬಹುದು ಎಂಬುದು ಈ ಎರಡನೆಯ ಚಿತ್ರವನ್ನು ನೋಡಿದ ಮೇಲೆ ನನಗೆ ಹೊಳೆಯಿತು.

ಪರದೆಯ ಮೇಲಿನ ನಮ್ಮ ಬೆಕ್ಕು ಹುಟ್ಟಿದ್ದು ಇನ್ನೊಂದು ಮುಂದುವರಿದ ಭಾಗದಲ್ಲಿ, 2004ರ 'ಶ್ರೆಕ್ 2'ರಲ್ಲಿ, ಕಥಾನಾಯಕನಾದ ಹಸಿರು ರಾಕ್ಷಸ ಶ್ರೆಕ್‌ನನ್ನು ಕೊಲ್ಲಲು ರಾಜ ಗೊತ್ತುಮಾಡಿದ ಬಾಡಿಗೆಯ ಕೊಲೆಗಾರನಾಗಿ. ಕತ್ತಿ ಹಿರಿದು ಗರ್ಜಿಸುವ ಈ ಪುಟ್ಟ ಪ್ರಾಣಿ ಮರುಕ್ಷಣ ಟೋಪಿಯನ್ನು ಎದೆಗೊತ್ತಿಕೊಂಡು ಕಣ್ಣರಳಿಸಿ ನಿಂತಾಗ ಜಗತ್ತು ಅವನಿಗೆ ಸೋತಿತು. 2011ರಲ್ಲಿ ಕ್ರಿಸ್ ಮಿಲ್ಲರ್ ನಿರ್ದೇಶನದಲ್ಲಿ ಅವನಿಗೆ ಸ್ವಂತ ಚಿತ್ರ ದೊರೆಯಿತು. ಅದು ಕೆಟ್ಟ ಚಿತ್ರವೇನಲ್ಲ. ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು, ಜಗತ್ತಿನಾದ್ಯಂತ ಸುಮಾರು 55 ಕೋಟಿ ಡಾಲರ್ ಗಳಿಸಿತು. ಅನಾಥಾಲಯದಲ್ಲಿ ಜೊತೆಗೆ ಬೆಳೆದ ಬೆಕ್ಕು ಮತ್ತು ಮೊಟ್ಟೆಯಾಕಾರದ ಹಂಪ್ಟಿ ಡಂಪ್ಟಿಯ ಗೆಳೆತನ, ಗೆಳೆಯನ ದ್ರೋಹ, ಮಾಯಾ ಅವರೆಬೀಜ, ಮೋಡದ ಮೇಲಿನ ಕೋಟೆ, ಚಿನ್ನದ ಮೊಟ್ಟೆಯಿಡುವ ಬಾತು ಎಲ್ಲವೂ ಅದರಲ್ಲಿವೆ. ಆದರೆ ಇವೆಲ್ಲ ಅದರಲ್ಲಿ ಇವೆ, ಅಷ್ಟೇ. ಕಿನ್ನರಕಥೆಗಳು ಆ ಚಿತ್ರಕ್ಕೆ ಜಾತ್ರೆಯ ಅಂಗಡಿಸಾಲಿನಂತೆ. ಬೇಕಾದ ಆಟಿಕೆಯನ್ನು ಎತ್ತಿಕೊಂಡು ಮುಂದೆ ಸಾಗಬಹುದು. ಬೆಕ್ಕು ಆರಂಭದಲ್ಲಿ ವೀರ, ನಡುವೆ ಕಳಂಕಿತ ವೀರ, ಕೊನೆಗೆ ಮತ್ತೆ ವೀರ. ಅವನ ಹೆಸರಿಗೆ ಹತ್ತಿದ ಮಸಿ ಅಳಿಸಿತೇ ಹೊರತು ಅವನ ಬಗ್ಗೆ ನಮಗೆ ಹೊಸದೇನೂ ತಿಳಿಯಲಿಲ್ಲ.

ಎರಡನೆಯ ಚಿತ್ರ ಮೊದಲ ಚಿತ್ರದ ಗದ್ದಲದಿಂದಲೇ ತೊಡಗುತ್ತದೆ. ಡೆಲ್ ಮಾರ್ ಎಂಬ ಊರಿನ ಅಧಿಕಾರಿಯ ಮಹಲಿನಲ್ಲಿ, ಅವನಿಲ್ಲದಾಗ, ಪಸ್ ಔತಣ ನಡೆಸುತ್ತಿದ್ದಾನೆ. ತನ್ನನ್ನು ತಾನೇ ಹೊಗಳಿಕೊಳ್ಳುವ ಹಾಡನ್ನು ಹಾಡುತ್ತಿದ್ದಾನೆ. ಗದ್ದಲಕ್ಕೆ ಎಚ್ಚೆತ್ತ ದೈತ್ಯನನ್ನು ಕುಣಿಯುತ್ತಲೇ ಮಣಿಸುತ್ತಾನೆ. ಜನರ ಚಪ್ಪಾಳೆ ಮುಗಿಯುವ ಮೊದಲೇ ದೊಡ್ಡದೊಂದು ಗಂಟೆ ಮೇಲಿನಿಂದ ಬಿದ್ದು ಅವನನ್ನು ಜಜ್ಜಿಹಾಕುತ್ತದೆ. ವೀರನ ಸಾವು ಚಿತ್ರದ ಮೊದಲ ಹತ್ತು ನಿಮಿಷಗಳ ಆಸುಪಾಸಿನಲ್ಲೇ, ಅದೂ ನಗೆಪಾಟಲಾಗಿ, ನಡೆದುಹೋಗುತ್ತದೆ. ಎಚ್ಚರವಾದಾಗ ಊರಿನ ಕ್ಷೌರವನ್ನೂ ನೋಡಿಕೊಳ್ಳುವ ವೈದ್ಯ ಅವನಿಗೆ ಲೆಕ್ಕ ಕೇಳುತ್ತಾನೆ: ಬೆಕ್ಕಿಗೆ ಒಂಬತ್ತು ಜೀವ, ನೀನು ಎಷ್ಟು ಸಲ ಸತ್ತಿದ್ದೀ? ಪಸ್ ನಗುತ್ತಲೇ ಎಣಿಸುತ್ತ ಹೋಗುತ್ತಾನೆ. ಗೂಳಿಗಳ ಮುಂದೆ ಓಡಿದ್ದು, ನಾಯಿಗಳೊಂದಿಗೆ ಇಸ್ಪೀಟಾಡಿದ್ದು, ಬೆಕ್ಕು ಯಾವಾಗಲೂ ಕಾಲಮೇಲೆಯೇ ಇಳಿಯುತ್ತದೆಂದು ಗೋಪುರದಿಂದ ಜಿಗಿದದ್ದು. ಎಂಟಕ್ಕೆ ಬಂದಾಗ ಎಣಿಕೆ ನಿಲ್ಲುತ್ತದೆ.

ಒಂಬತ್ತು ಜೀವವೆಂಬುದು ಇಂಗ್ಲಿಷ್ ಲೋಕದಲ್ಲಿ ಸವೆದುಹೋದ ಮಾತು. ಬೆಕ್ಕಿನ ಚುರುಕುತನವನ್ನು ಮೆಚ್ಚಲು ಬಳಸುವ ನುಡಿಗಟ್ಟು. ಚಿತ್ರಕಥೆಗಾರರು ಮಾಡಿದ್ದಿಷ್ಟೆ: ಅಲಂಕಾರವಾಗಿದ್ದ ಸಂಖ್ಯೆಯನ್ನು ನಿಜವಾದ ಸಂಖ್ಯೆಯೆಂದು ತೆಗೆದುಕೊಂಡು, ಅದರಿಂದ ಎಂಟನ್ನು ಕಳೆದರು. ಅಲ್ಲಿಂದ ಮುಂದೆ ಚಿತ್ರದಲ್ಲಿ ಪ್ರತಿಯೊಂದೂ ಕಳೆಯುತ್ತಲೇ ಹೋಗುತ್ತದೆ. ಕತ್ತಿ ಕೈಜಾರುತ್ತದೆ. ಟೋಪಿ, ಬೂಟು, ಮೇಲಂಗಿಗಳನ್ನು ಪಸ್ ತಾನೇ ಗುಂಡಿ ತೋಡಿ ಹೂಳುತ್ತಾನೆ, ತನ್ನ ಸಮಾಧಿಯ ಮುಂದೆ ತಾನೇ ಚರಮಭಾಷಣ ಮಾಡುತ್ತಾನೆ. ಬೆಕ್ಕುಗಳನ್ನು ಸಾಕುವ ಮುದುಕಿಯೊಬ್ಬಳ ಮನೆಯಲ್ಲಿ ಗಡ್ಡ ಬಿಟ್ಟುಕೊಂಡು ಬದುಕತೊಡಗುತ್ತಾನೆ. ಅಲ್ಲಿ ಅವನಿಗೆ ಬೇರೆಯದೇ ಹೆಸರು. ಪೆರೊನ ಬೆಕ್ಕು ಪ್ರಭುವಾಗಿ ನಿವೃತ್ತವಾದರೆ ಈ ಬೆಕ್ಕು ಬರಿಯ ಬೆಕ್ಕಾಗಿ ನಿವೃತ್ತವಾಗುತ್ತದೆ. ಅವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಅವನನ್ನು ಆ ಸ್ಥಿತಿಗೆ ತಂದದ್ದು ಒಂದು ತೋಳ. ಈ ತೋಳದ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ದಯವಿಟ್ಟು ಸಹಿಸಿಕೊಳ್ಳಬೇಕು. ಮದ್ಯದಂಗಡಿಯ ಮೂಲೆಯಲ್ಲಿ ಪಸ್ ಒಬ್ಬನೇ ಕುಳಿತಿರುವಾಗ ಮೊದಲು ಕೇಳುವುದು ಒಂದು ಸಿಳ್ಳೆ. ಆಮೇಲೆ ಕಪ್ಪು ಮುಸುಕು, ಕೆಂಪು ಕಣ್ಣು, ಎರಡು ಕುಡುಗೋಲು. ಇವನೊಬ್ಬ ತಲೆಗೆ ಬೆಲೆ ಕಟ್ಟಿದವರನ್ನು ಹಿಡಿಯುವ ಬೇಟೆಗಾರನೆಂದು ಪಸ್ ಭಾವಿಸುತ್ತಾನೆ, ನಾವೂ ಹಾಗೆಯೇ ಭಾವಿಸುತ್ತೇವೆ. ಹೋರಾಟದಲ್ಲಿ ಪಸ್‌ನ ಹಣೆಗೆ ಗೀರು ಬೀಳುತ್ತದೆ, ಸಣ್ಣಗೆ ರಕ್ತ ಒಸರುತ್ತದೆ. ಅವನ ಮೈಯ ರೋಮಗಳು ಒಂದೊಂದಾಗಿ ನಿಮಿರಿ ನಿಲ್ಲುವುದನ್ನು ಕ್ಯಾಮೆರಾ ಸಮೀಪದಿಂದ ತೋರಿಸುತ್ತದೆ. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಬೆನ್ನು ತೋರಿಸಿ ಓಡುತ್ತಾನೆ.

ಬಹಳ ಮುಂದೆ, ಹರಳುಗಳ ಗುಹೆಯೊಂದರಲ್ಲಿ, ಪಸ್ ತನ್ನ ಕಳೆದ ಎಂಟು ಜೀವಗಳ ಪ್ರತಿಬಿಂಬಗಳ ನಡುವೆ ಸಿಕ್ಕಿಕೊಂಡಿರುವಾಗ ತೋಳ ತಾನು ಯಾರೆಂದು ಹೇಳುತ್ತಾನೆ. ಅವನು ಸಾವು. ಸಾವಿನಂಥವನಲ್ಲ, ಸಾವಿನ ದೂತನಲ್ಲ, ಸಾವೇ. ಹಿಂದಿನ ಎಂಟೂ ಸಲ ತಾನು ಅಲ್ಲಿದ್ದೆನೆಂದು, ಒಂದೊಂದು ಜೀವವನ್ನೂ ಈ ಬೆಕ್ಕು ಕಸದಂತೆ ಎಸೆದದ್ದನ್ನು ಕಣ್ಣಾರೆ ಕಂಡೆನೆಂದು ಅವನು ಹೇಳುವಾಗ ಆ ದನಿಯಲ್ಲಿರುವುದು ದ್ವೇಷವಲ್ಲ, ದುಡಿಮೆಗೆ ಬೆಲೆ ಸಿಗದವನ ಸಿಟ್ಟು. ಬ್ರೆಜಿಲಿನ ನಟ ವಾಗ್ನರ್ ಮೌರಾ ಈ ಪಾತ್ರಕ್ಕೆ ದನಿ ಕೊಟ್ಟಿದ್ದಾರೆ. ದನಿಯೇರಿಸದೆಯೇ ಹೆದರಿಸುವುದು ಹೇಗೆಂಬುದಕ್ಕೆ ಅದೊಂದು ಪಾಠ. ಎರಡನೆಯ ಸಲ ನೋಡುವವರಿಗೆ ಮೊದಲ ಔತಣದ ಜನಸಂದಣಿಯಲ್ಲೇ ಆ ಮುಸುಕು ಕಣ್ಣಿಗೆ ಬೀಳುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ನೆನೆಯಬೇಕು. ಕೆಂಪು ಟೋಪಿಯ ಹುಡುಗಿಯನ್ನು ತಿಂದ ತೋಳದ ಕಥೆಯನ್ನು ಅಚ್ಚಿಗೆ ತಂದವನೂ ಪೆರೊನೇ, ಬೂಟಿನ ಬೆಕ್ಕು ಇದ್ದ ಅದೇ 1697ರ ಪುಸ್ತಕದಲ್ಲಿ. ಅಲ್ಲಿ ಬೇರೆ ಬೇರೆ ಪುಟಗಳಲ್ಲಿದ್ದ ಎರಡು ಪ್ರಾಣಿಗಳು ಇಲ್ಲಿ ಎದುರುಬದುರಾಗಿವೆ. ಇನ್ನೊಂದು, ಗ್ರಿಮ್ ಸೋದರರು ಸಂಗ್ರಹಿಸಿದ, ಸಾವನ್ನೇ ತನ್ನ ಮಗುವಿಗೆ ಧರ್ಮತಂದೆಯಾಗಿ ಆರಿಸಿಕೊಂಡ ಬಡವನ ಕಥೆ. ದೇವರನ್ನು ಅವನು ಒಪ್ಪುವುದಿಲ್ಲ, ಏಕೆಂದರೆ ದೇವರು ಉಳ್ಳವರಿಗೆ ಕೊಡುತ್ತಾನೆ, ಬಡವರನ್ನು ಹಸಿವಿನಲ್ಲಿಡುತ್ತಾನೆ. ಸಾವು ಮಾತ್ರ ಎಲ್ಲರನ್ನೂ ಸಮನಾಗಿ ನೋಡುತ್ತದೆ. ಆ ಮಗು ಬೆಳೆದು ವೈದ್ಯನಾಗಿ, ಸಾವಿಗೆ ಮೋಸಮಾಡಿದಾಗ, ಸಾವು ಅವನನ್ನು ಒಂದು ಗವಿಗೆ ಕರೆದೊಯ್ಯುತ್ತದೆ. ಅಲ್ಲಿ ಪ್ರತಿಯೊಂದು ಜೀವಕ್ಕೂ ಒಂದೊಂದು ಮೇಣದಬತ್ತಿ. ಚಿತ್ರದ ಹರಳಿನ ಗುಹೆಯನ್ನು ಕಂಡಾಗ ನನಗೆ ಆ ಬತ್ತಿಗಳ ಗವಿ ನೆನಪಾಯಿತು. ಚಿತ್ರಕಾರರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ವಾದಿಸುತ್ತಿಲ್ಲ. ಕಿನ್ನರಕಥೆಯ ಹಳೆಯ, ಕತ್ತಲೆಯ ಪದರವೊಂದಕ್ಕೆ ಅವರ ಗುದ್ದಲಿ ತಗಲಿತು ಎಂದಷ್ಟೇ ಹೇಳುತ್ತಿದ್ದೇನೆ. ಮೊದಲ ಚಿತ್ರ ಆ ಪದರದವರೆಗೆ ಅಗೆಯಲೇ ಇಲ್ಲ.

ತೋಳದ ಸಿಳ್ಳೆಗಿಂತಲೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು, ಸದ್ದೇ ಇಲ್ಲದ ಒಂದು ದೃಶ್ಯ. ಕಾಡಿನಲ್ಲಿ ತೋಳನನ್ನು ಮತ್ತೆ ಕಂಡ ಪಸ್ ಓಡಿ ಓಡಿ ಒಂದು ಮರಕ್ಕೆ ಒರಗುತ್ತಾನೆ. ಉಸಿರು ಸಿಗುತ್ತಿಲ್ಲ, ಎದೆಬಡಿತ ಕಿವಿಯಲ್ಲಿ ಕೇಳುತ್ತಿದೆ. ಅವನ ಹಿಂದೆ ಬಂದ ಪೆರಿಟೊ ಎಂಬ ನಾಯಿಮರಿ, ಚಿತ್ರವಿಡೀ ಬಾಯಿ ಮುಚ್ಚದ ಮರಿ, ಅಲ್ಲಿ ಒಂದು ಮಾತನ್ನೂ ಆಡದೆ ತನ್ನ ತಲೆಯನ್ನು ಬೆಕ್ಕಿನ ಹೊಟ್ಟೆಯ ಮೇಲಿಡುತ್ತದೆ. ಎದೆಬಡಿತ ನಿಧಾನವಾಗುತ್ತದೆ. ಅಷ್ಟೇ ದೃಶ್ಯ. ಮಕ್ಕಳ ಚಿತ್ರಗಳಲ್ಲಿ ಹೆದರಿಕೆಯೆಂದರೆ ಒಂದೋ ಹಾಸ್ಯ, ಇಲ್ಲವೇ ಮುಂದಿನ ಧೈರ್ಯಕ್ಕೆ ಮೆಟ್ಟಿಲು. ಇಲ್ಲಿ ಹೆದರಿಕೆ ಮೈಯಲ್ಲಿ ನಡೆಯುವ ಘಟನೆ. ಅದಕ್ಕೆ ಬೇಕಾದದ್ದು ಉಪದೇಶವಲ್ಲ, ಒಂದಿಷ್ಟು ಬಿಸುಪು ಮತ್ತು ಒಂದಿಷ್ಟು ಸಮಯ. ಅದಾದ ಮೇಲೆಯೇ ಪಸ್ ತಾನು ಪ್ರೀತಿಸಿದ ಹೆಣ್ಣುಬೆಕ್ಕು ಕಿಟ್ಟಿ ಸಾಫ್ಟ್‌ಪಾಸ್‌ಳನ್ನು ಮದುವೆಯ ದಿನ ಬಿಟ್ಟು ಓಡಿದ್ದನ್ನು ಬಾಯಿಬಿಟ್ಟು ಹೇಳುವುದು.

ಕಥೆಯ ಮೇಲ್ಮೈಯಲ್ಲಿರುವುದು ಬೇಟೆ. ಕತ್ತಲೆಯ ಕಾಡಿನ ನಡುವೆ ಬಿದ್ದ ನಕ್ಷತ್ರವೊಂದು ಒಂದೇ ಒಂದು ಬಯಕೆಯನ್ನು ಈಡೇರಿಸುತ್ತದೆ, ಅದನ್ನು ತಲಪಲು ಒಂದು ನಕ್ಷೆಯಿದೆ, ಎಲ್ಲರೂ ನಕ್ಷೆಯ ಹಿಂದೆ ಬಿದ್ದಿದ್ದಾರೆ. ಆದರೆ ಈ ನಕ್ಷೆ ಹಿಡಿದವರ ಕೈಗೆ ತಕ್ಕಂತೆ ಬದಲಾಗುತ್ತದೆ, ಮತ್ತು ನಕ್ಷೆ ಬದಲಾದಂತೆ ಕಾಡೂ ಬದಲಾಗುತ್ತದೆ. ಬೆಕ್ಕುಗಳ ಕೈಯಲ್ಲಿ ಭಯಂಕರವಾಗಿ ಕಾಣುವ ದಾರಿ ನಾಯಿಮರಿಯ ಕಾಲಿಗೆ ಹೂವಿನ ಹಾದಿಯಾಗುತ್ತದೆ. ಪೆರಿಟೊನ ಹಿಂದಿನ ಕಥೆ ನಿಜಕ್ಕೂ ಕ್ರೂರವಾದದ್ದು: ಕಾಲುಚೀಲದೊಳಗೆ ಕಲ್ಲಿನ ಜೊತೆ ಹಾಕಿ ಅವನನ್ನು ಹೊಳೆಗೆ ಎಸೆದಿದ್ದರು. ಆ ಕಾಲುಚೀಲವನ್ನೇ ಅವನೀಗ ಅಂಗಿಯಾಗಿ ತೊಟ್ಟಿದ್ದಾನೆ, ಅದೊಂದು ತಮಾಷೆಯೆಂದೇ ಹೇಳಿಕೊಳ್ಳುತ್ತಾನೆ. ಕೇಳಿಕೊಳ್ಳಲು ಬಯಕೆಯಿಲ್ಲದವನು ಇಡೀ ತಂಡದಲ್ಲಿ ಅವನೊಬ್ಬನೇ. ಇಂಥ ಪಾತ್ರ ಸುಲಭವಾಗಿ ಜಿಡ್ಡಾಗಿಬಿಡುತ್ತದೆ. ಇಲ್ಲಿ ಅದು ಒಂದೆರಡು ಕಡೆ ಆಗಿಯೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ.

ಗೋಲ್ಡಿಲಾಕ್ಸ್ ಮತ್ತು ಮೂರು ಕರಡಿಗಳ ಎಳೆಯಲ್ಲಿ ಇನ್ನೊಂದು ಸೊಗಸಿದೆ. 1837ರಲ್ಲಿ ರಾಬರ್ಟ್ ಸೌದಿ ಅಚ್ಚುಹಾಕಿಸಿದ ಕಥೆಯಲ್ಲಿ ಕರಡಿಗಳ ಮನೆಗೆ ನುಗ್ಗುವವಳು ಮುದುಕಿ, ಹುಡುಗಿಯಲ್ಲ. 1849ರಲ್ಲಿ ಜೋಸೆಫ್ ಕಂಡಾಲ್ ಅವಳನ್ನು ಪುಟ್ಟ ಹುಡುಗಿಯಾಗಿಸಿದ. ಚಿನ್ನದ ಕೂದಲ ಹೆಸರು ಅವಳಿಗೆ ಅಂಟಿಕೊಂಡದ್ದು ಇನ್ನೂ ಆಮೇಲೆ. ಆ ಹೆಣ್ಣು ಯಾರೇ ಆಗಿರಲಿ, ಹಳೆಯ ಕಥೆಯಲ್ಲಿ ಅವಳು ಕೊನೆಗೆ ಕಿಟಕಿಯಿಂದ ಹಾರಿ ಓಡಲೇಬೇಕಿತ್ತು. ಈ ಚಿತ್ರ ಕೇಳುವ ಪ್ರಶ್ನೆ, ಅವಳು ಓಡದಿದ್ದರೆ? ಇಲ್ಲಿ ಅವಳು ಕರಡಿಗಳ ಮನೆಯಲ್ಲೇ ಉಳಿದು, ಅವರ ಮಗಳಾಗಿ, ಅವರದೇ ಕಳ್ಳರ ತಂಡವನ್ನು ನಡೆಸುತ್ತಾಳೆ. ಆದರೂ ಅವಳ ಗುಟ್ಟಾದ ಬಯಕೆ 'ಸರಿಯಾದ' ಮನುಷ್ಯ ಕುಟುಂಬವೊಂದು ಬೇಕೆಂಬುದು. ಗಂಜಿ ತೀರಾ ಬಿಸಿ, ತೀರಾ ತಣ್ಣಗೆ, ಆಮೇಲೆ ಹದ ಎಂಬ ಬಾಲಕಥೆಯ ಮೂರು ಹಂತಗಳನ್ನು ಚಿತ್ರ ಅವಳ ಇಡೀ ಬದುಕಿಗೆ ಹಬ್ಬಿಸುತ್ತದೆ. ಅವಳ ಬಯಕೆಯನ್ನು ಕೇಳಿ ನೊಂದುಕೊಂಡರೂ, ಅದನ್ನು ಪಡೆಯಲು ನಿನಗೆ ನೆರವಾಗುತ್ತೇವೆ ಎಂದು ತಾಯಿಕರಡಿ ಹೇಳುವುದನ್ನು ಕೇಳಿದಾಗ, ಸಾಕುತಾಯಿಯ ಪ್ರೀತಿಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹಿಡಿದ ಚಿತ್ರ ಇನ್ನಾವುದಿದೆ ಎಂದು ನಾನು ಯೋಚಿಸಿದೆ.

ಜ್ಯಾಕ್ ಹಾರ್ನರ್‌ನ ಬಗ್ಗೆ ಹೇಳಬೇಕಾದದ್ದು ಕಡಿಮೆ. ಕಡುಬಿನಲ್ಲಿ ಹೆಬ್ಬೆರಳಿಟ್ಟು ಹಣ್ಣು ತೆಗೆದ ಶಿಶುಗೀತೆಯ ಹುಡುಗ ಬೆಳೆದು ದೈತ್ಯಾಕಾರದ ಕಡುಬಿನ ವ್ಯಾಪಾರಿಯಾಗಿದ್ದಾನೆ, ಜಗತ್ತಿನ ಮಾಯೆಯೆಲ್ಲ ತನಗೊಬ್ಬನಿಗೇ ಬೇಕೆನ್ನುತ್ತಾನೆ. ಅವನೊಳಗೆ ಒಂದಿಷ್ಟಾದರೂ ಒಳ್ಳೆಯತನವಿದ್ದೀತೆಂದು ಹುಡುಕಿ ಸೋಲುವ ಮಿಡತೆಯ ಹಾಸ್ಯ ಚೆನ್ನಾಗಿದೆ. ಮಾಯಾವಸ್ತುಗಳನ್ನು ಚೀಲದಲ್ಲಿ ತುಂಬಿಕೊಂಡು ತಿರುಗುವ ಇವನು, ಅಂಗಡಿಸಾಲಿನಿಂದ ಆಟಿಕೆ ಎತ್ತಿಕೊಳ್ಳುತ್ತಿದ್ದ ಹಿಂದಿನ ಚಿತ್ರದ ಮೇಲಿನ ವ್ಯಂಗ್ಯದಂತೆಯೂ ನನಗೆ ಕಂಡ.

ಇನ್ನು ಚಿತ್ರದ ಮೈಕಟ್ಟಿನ ಮಾತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆಂಬುದು ನಿಮಗೆ ಗೊತ್ತಿದೆ. ಕಂಪ್ಯೂಟರ್ ಅನಿಮೇಷನ್ ಬಂದಮೇಲೆ ಪ್ರತಿಯೊಂದು ಚೌಕಟ್ಟಿನಲ್ಲೂ ಹೊಸ ಭಂಗಿ ಕೊಡುವುದು ಸುಲಭವಾಯಿತು, ಚಲನೆ ಬೆಣ್ಣೆಯಂತೆ ನುಣುಪಾಯಿತು. 2011ರ ಚಿತ್ರ ಆ ನುಣುಪಿನ ಕಾಲದ್ದು. ಒಂದೊಂದು ರೋಮವನ್ನೂ ನಿಜದಂತೆ ಮೂಡಿಸುವುದು ಆಗಿನ ಹೆಮ್ಮೆ. ಕೈಯಿಂದ ಚಿತ್ರ ಬಿಡಿಸುತ್ತಿದ್ದ ಹಿಂದಿನವರು ಅನೇಕ ವೇಳೆ ಒಂದು ಭಂಗಿಯನ್ನು ಎರಡು ಚೌಕಟ್ಟುಗಳ ಕಾಲ ಹಿಡಿದು, ಸೆಕೆಂಡಿಗೆ ಹನ್ನೆರಡೇ ಭಂಗಿಗಳಲ್ಲಿ ಕೆಲಸ ಮುಗಿಸುತ್ತಿದ್ದರು. 2018ರ 'ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್‌ವರ್ಸ್' ಚಿತ್ರ ಆ ಹಳೆಯ ಪದ್ಧತಿಯನ್ನು ಕಂಪ್ಯೂಟರಿಗೆ ಬೇಕೆಂದೇ ಕಲಿಸಿತು. 'ಲಾಸ್ಟ್ ವಿಶ್' ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ಮಾತುಕತೆಯ ದೃಶ್ಯಗಳಲ್ಲಿ ನುಣುಪಾದ ಚಲನೆಯನ್ನೇ ಇಟ್ಟುಕೊಂಡು, ಕಾಳಗದ ದೃಶ್ಯಗಳಲ್ಲಿ ಭಂಗಿಗಳನ್ನು ಕಡಿಮೆಮಾಡುತ್ತದೆ. ಕತ್ತಿ ಬೀಸುವಾಗ ಭಂಗಿಯಿಂದ ಭಂಗಿಗೆ ಜಿಗಿತವಿರುತ್ತದೆ. ನಡುವಿನದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ, ಹಾಗಾಗಿ ಏಟು ಇನ್ನಷ್ಟು ಜೋರಾಗಿ ತಗಲುತ್ತದೆ. ಹಿನ್ನೆಲೆಯ ಬೆಟ್ಟ, ಎಲೆ, ಬೆಂಕಿಗಳೂ ಛಾಯಾಚಿತ್ರದ ವಿವರವನ್ನು ಬಿಟ್ಟು ಕುಂಚದ ಒರಟು ಎಳೆತಗಳಾಗಿವೆ. ಬೆಕ್ಕಿನ ತುಪ್ಪಳವೂ ಬಣ್ಣದ ಗೀಟುಗಳ ಹಾಗೆ ಗುಂಪುಗುಂಪಾಗಿದೆ. ಬಣ್ಣದ ಪುಟಗಳಿರುವ ಕಥೆಪುಸ್ತಕವೊಂದು ಎದ್ದು ಕುಣಿದಂತೆ ಕಾಣುವ ಈ ಚಿತ್ರದಲ್ಲಿ ತಂತ್ರವೂ ಕಳೆಯುವ ಲೆಕ್ಕವನ್ನೇ ಹಿಡಿದಿದೆ ಎಂಬುದನ್ನು ನೀವು ಗಮನಿಸಿರಬಹುದು.

ಹಣದ ಲೆಕ್ಕದಲ್ಲಿ ಮಾತ್ರ ಎರಡನೆಯದು ಮೊದಲನೆಯದಕ್ಕಿಂತ ಹಿಂದೆ: ಜಾಗತಿಕವಾಗಿ ಸುಮಾರು 48 ಕೋಟಿ ಡಾಲರ್. ಆದರೆ ಆ ಹಣ ಬಂದ ಬಗೆ ಬೇರೆ. ಉತ್ತರ ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲಿ ಸುಮಾರು 1.2 ಕೋಟಿ ಡಾಲರ್ ಮಾತ್ರ ಗಳಿಸಿದ ಚಿತ್ರ, ನೋಡಿದವರು ನೋಡದವರಿಗೆ ಹೇಳುತ್ತ ಹೋದಂತೆ ತಿಂಗಳುಗಟ್ಟಲೆ ಓಡಿ, ಅಲ್ಲಿಯೇ 18 ಕೋಟಿ ಡಾಲರನ್ನು ದಾಟಿತು. 2023ರ ಆಸ್ಕರ್‌ನಲ್ಲಿ ನಾಮನಿರ್ದೇಶನವೂ ಸಿಕ್ಕಿತು; ಪ್ರಶಸ್ತಿ ಗಿಯೆರ್ಮೊ ಡೆಲ್ ಟೊರೊ ಅವರ 'ಪಿನೋಕಿಯೊ'ಗೆ ಹೋಯಿತು. ಅದೂ ಸಾವನ್ನು ಕುರಿತ ಕಿನ್ನರಕಥೆಯೇ ಆಗಿದ್ದುದರಿಂದ ನನಗೆ ದುಃಖವಾಗಲಿಲ್ಲ.

ಕೊನೆಯ ಕಾಳಗಕ್ಕೆ ಬರೋಣ. ನಕ್ಷತ್ರದ ಮೇಲೆ, ನಕ್ಷೆ ಕೈಯಲ್ಲಿರುವಾಗ, ಕಳೆದ ಜೀವಗಳನ್ನು ಮರಳಿ ಕೇಳಿಕೊಳ್ಳಲು ಪಸ್‌ಗೆ ಅವಕಾಶವಿದೆ. ಅವನು ಕೇಳಿಕೊಳ್ಳುವುದಿಲ್ಲ. ನಕ್ಷೆಯನ್ನು ಕಿಟ್ಟಿಗೆ ಕೊಟ್ಟು, ಕತ್ತಿ ಹಿಡಿದು, ತೋಳನ ಎದುರು ನಿಲ್ಲುತ್ತಾನೆ. ನಿನ್ನನ್ನು ನಾನೆಂದೂ ಸೋಲಿಸಲಾರೆ, ಆದರೆ ಈ ಒಂದು ಜೀವಕ್ಕಾಗಿ ಹೋರಾಡುವುದನ್ನು ಬಿಡಲಾರೆ ಎಂಬರ್ಥದ ಮಾತನ್ನು ಅವನು ಹೇಳಿದಾಗ ತೋಳ ಪೇಚಿಗೆ ಸಿಕ್ಕಿಬೀಳುತ್ತಾನೆ. ಅವನು ಕೊಲ್ಲಲು ಬಂದದ್ದು ಸಾವನ್ನು ಕಂಡು ನಗುತ್ತಿದ್ದ ಸೊಕ್ಕಿನ ಬೆಕ್ಕನ್ನು. ಆ ಬೆಕ್ಕು ಈಗ ಅಲ್ಲಿಲ್ಲ. ಊಟದ ಜೊತೆ ಆಟವಾಡಿದ್ದೇ ತಪ್ಪಾಯಿತೆಂದು ಸ್ಪ್ಯಾನಿಷ್ ಭಾಷೆಯಲ್ಲಿ ತನ್ನನ್ನೇ ಬಯ್ದುಕೊಂಡು ಅವನು ಕುಡುಗೋಲನ್ನು ಇಳಿಸುತ್ತಾನೆ.

ಬೇಟೆಯ ಮುಂದೆ ಬೇಟೆಗಾರ ಕೈಚೆಲ್ಲುವ ಈ ಗಳಿಗೆ ಗೋವಿನ ಹಾಡನ್ನು ಕೇಳಿ ಬೆಳೆದ ನಮಗೆ ಹೊಸದಲ್ಲ. ಅಲ್ಲಿ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ಕಂಡ ಹುಲಿ ತಾನೇ ಪ್ರಾಣ ಬಿಡುತ್ತದೆ. ಆದರೆ ಹುಲಿಗೆ ಸಾಯಲು ಸಾಧ್ಯವಿತ್ತು. ಸಾವಿಗೆ ಆ ಬಿಡುಗಡೆಯೂ ಇಲ್ಲ. ಅದು ಸಿಟ್ಟಿನಿಂದ, ಸ್ವಲ್ಪ ಗೌರವದಿಂದ, ಮತ್ತೆ ಭೇಟಿಯಾಗುವೆವು ಎಂದು ಹೇಳಿ ಹೊರಟುಹೋಗಬಲ್ಲದು, ಅಷ್ಟೆ. ಪಸ್ ಅದಕ್ಕೆ ಒಪ್ಪಿ ತಲೆಬಾಗುತ್ತಾನೆ. ಸಾವನ್ನು ಗೆದ್ದಂತೆ ತೋರಿಸುವ ಆಮಿಷ ಚಿತ್ರಕ್ಕೆ ಎಷ್ಟು ಇದ್ದಿರಬೇಕು! ಅದಕ್ಕೆ ಬಲಿಬೀಳದಿದ್ದುದೇ ಈ ಕಥೆಯ ಪ್ರಾಮಾಣಿಕತೆ. ಆಮೇಲೆ ಗೆಳೆಯರು ಸೇರಿ ನಕ್ಷೆಯನ್ನೇ ಹರಿದುಹಾಕುತ್ತಾರೆ. ಯಾರ ಬಯಕೆಯನ್ನೂ ಈಡೇರಿಸದೆ ನಕ್ಷತ್ರ ಕುಸಿಯುತ್ತದೆ. ಲೆಕ್ಕದಲ್ಲಿ ಉಳಿದದ್ದು ಮೊದಲು ಉಳಿದಿದ್ದಷ್ಟೇ, ಒಂದು.

ಒಂದೇ ಒಂದು ಆಕ್ಷೇಪವನ್ನು ಹೇಳಿ ಮುಗಿಸುತ್ತೇನೆ. ಕಟ್ಟಕಡೆಗೆ ಮೂವರು ಗೆಳೆಯರು ಹಡಗನ್ನು ಕದ್ದು, ಹಳೆಯ ಸ್ನೇಹಿತರನ್ನು ಕಾಣಲು, ಶ್ರೆಕ್ ಚಿತ್ರಗಳಿಂದ ನಮಗೆ ಪರಿಚಿತವಾದ 'ಫಾರ್ ಫಾರ್ ಅವೇ' ರಾಜ್ಯದ ಕಡೆಗೆ ಹಾಯಿ ಬಿಚ್ಚುತ್ತಾರೆ. ಸುತ್ತ ಕುಳಿತ ಮಕ್ಕಳು ಅಲ್ಲಿ ಕೇಕೆ ಹಾಕಿದರು. ನಾನು ಮಾತ್ರ ಆ ದಿಗಂತವನ್ನು ನೋಡುತ್ತ, ಕೂಡುವ ಲೆಕ್ಕದವರು ಅಲ್ಲಿ ಆಗಲೇ ಕಾದು ಕುಳಿತಿದ್ದಾರೇನೋ ಎಂದುಕೊಂಡೆ.